ಬಲಸುತ್ತಿನ ಸುಣ್ಣದ ಡಬ್ಬಿ

ಮೂವತ್ತೊಂದು ವರ್ಷ ಚನ್ನಗಿರಿ ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತರಾಗಿದ್ದು, ಯಾರ ತಂಟೆಗೂ ಹೋಗದೆ, ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ನಿವೃತ್ತರಾದ ಮರುಳಸಿದ್ದಪ್ಪನವರಿಗೆ ಐವತ್ತೈದನೇ ವಯಸ್ಸಿನಲ್ಲಿ ಲೇತಿನ ಹುಚ್ಚು ಹಿಡಿಯಿತು. ಹುಚ್ಚು ಅಂತ ಮೊದಲು ಅಂದದ್ದು ಊರಲ್ಲ, ಅವರ ಹೆಂಡತಿ ಹಾಲಮ್ಮ. ಊರು ಆಮೇಲೆ ಒಪ್ಪಿಕೊಂಡಿತು, ಅಷ್ಟೇ. ಪೆನ್ಷನ್ ಬಂದ ಮೇಲೆ ಕೆಲವರಿಗೆ ಕಾಶಿ ನೆನಪಾಗುತ್ತದೆ, ಕೆಲವರಿಗೆ ಇಸ್ಪೀಟು. ಈ ಪುಣ್ಯಾತ್ಮರಿಗೆ ಹಿತ್ತಾಳೆ ನೆನಪಾಯಿತು. ಅದಕ್ಕೆ ಯಾರೇನು ಮಾಡುವುದು?

೧೯೩೮ನೇ ಇಸವಿಯ ಮಾತು. ಗಂಡ ಹೆಂಡತಿ ಚನ್ನಗಿರಿಯ ಬಾಡಿಗೆ ಮನೆ ಬಿಟ್ಟು ಹಾಲಮ್ಮನ ತವರೂರು ನ್ಯಾಮತಿಗೆ ಬಂದಿದ್ದರು. ಹಾಲಮ್ಮನ ಅಣ್ಣ ಬಸವರಾಜಪ್ಪನದು ಅಲ್ಲಿ ದೊಡ್ಡ ಜವಳಿ ಅಂಗಡಿ. ತಂಗಿಯ ಗಂಡ ಬರುತ್ತಾರೆಂದು ಗೊತ್ತಾದ ದಿನವೇ ಅವನು ಅಂಗಡಿಯ ಮೂಲೆಯಲ್ಲಿ ಒಂದು ಮೇಜು, ಒಂದು ಮಸಿಕುಡಿಕೆ, ಒಂದು ದಿಂಬು ಇರಿಸಿಬಿಟ್ಟ. ದಾವಣಗೆರೆಗೆ, ಹುಬ್ಬಳ್ಳಿಗೆ ಹೋಗುವ ಕಾಗದಗಳನ್ನು ಅವರ ದುಂಡು ಅಕ್ಷರದಲ್ಲೇ ಬರೆಸಬೇಕೆಂಬುದು ಅವನ ಆಸೆ. ಒಳ್ಳೆಯ ಆಸೆಯೇ. ಆದರೆ ಆ ಮೇಜನ್ನು ನೋಡಿದ ಕೂಡಲೇ ಮರುಳಸಿದ್ದಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು. ಮೂವತ್ತೊಂದು ವರ್ಷ ಯಾರೋ ಬರೆದದ್ದನ್ನು ನೋಡಿ ಬರೆದದ್ದಾಯಿತು. ಇನ್ನು ಸಾಯುವವರೆಗೂ ಯಾರೋ ಹೇಳಿದ್ದನ್ನು ಕೇಳಿ ಬರೆಯುವುದೇ? "ಸ್ವಲ್ಪ ದಿನ ಸುಧಾರಿಸಿಕೊಳ್ತೀನಿ ಬಸವರಾಜಪ್ಪ" ಎಂದು ಹೇಳಿ ತಪ್ಪಿಸಿಕೊಂಡು ಬಂದರು.

ಆ ಸುಧಾರಿಸಿಕೊಳ್ಳುವ ದಿನಗಳಲ್ಲೇ ಎಡವಟ್ಟಾದದ್ದು. ಹಾಲಮ್ಮ ಸೇದುವ ಬಾವಿಯ ರಾಟೆಯನ್ನು ರಿಪೇರಿ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದರು. ಅಕ್ಕಿ ಗಿರಣಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗೌಸ್‌ಪೀರ್ ಸಾಬರ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಕುಲುಮೆ, ವಸ್ತುವನ್ನು ಬಿಗಿಹಿಡಿಯುವ ಒಂದು ವೈಸು, ಲೋಹ ಕೊರೆಯಲು ಕಾಲಿನಿಂದ ತುಳಿದು ತಿರುಗಿಸುವ ಒಂದು ಹಳೆಯ ಲೇತು, ಅದನ್ನು ಹೆಂಡತಿಗಿಂತ ಜೋಪಾನ ಮಾಡುವ ಸಾಬರು. ಈ ಕೊನೆಯ ಮಾತು ಸಾಬರ ಹೆಂಡತಿ ತಾಜ್‌ಬೀ ಹೇಳಿದ್ದು. ಮರುಳಸಿದ್ದಪ್ಪನವರು ಹೋದಾಗ ಸಾಬರು ಗಿರಣಿ ಎಂಜಿನ್ನಿನ ಹಿತ್ತಾಳೆ ಬುಶ್ಶೊಂದನ್ನು, ಅಂದರೆ ಅಚ್ಚು ತಿರುಗುವ ಬಳೆಯನ್ನು, ಕೊರೆಯುತ್ತಿದ್ದರು. ಉಳಿ ತಾಗಿದ ಕಡೆಯಿಂದ ಹಿತ್ತಾಳೆಯ ಪುಡಿ ಚಿನ್ನದ ಬಣ್ಣದಲ್ಲಿ ಚಿಮ್ಮಿ ಚಿಮ್ಮಿ ಬೀಳುತ್ತಿತ್ತು. ಕಪ್ಪಗೆ ಒರಟಾಗಿದ್ದ ಗಟ್ಟಿ ಕಣ್ಣೆದುರೇ ನುಣ್ಣಗಾಯಿತು. ಮರುಳಸಿದ್ದಪ್ಪನವರು ರಾಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ತಾಸು ನಿಂತರು. ನೀರಿಲ್ಲದೆ ಹಾಲಮ್ಮ ಮನೆಯಲ್ಲಿ ಬೈಯುತ್ತ ನಿಂತರು.

ಮರುದಿನವೂ ಹೋದರು. ಅದರ ಮರುದಿನವೂ ಹೋದರು. ನಾಲ್ಕನೇ ದಿನ ಸಾಬರು ಕನ್ನಡಕ ಮೇಲೆತ್ತಿ ಕೇಳಿದರು: "ಏನು ಗುಮಾಸ್ತರೇ, ಏನಾದ್ರೂ ಮಾಡಿಸಬೇಕಿತ್ತಾ?"

"ಮಾಡಿಸಾಕಲ್ಲ ಸಾಬ್ರೆ. ಮಾಡಾಕೆ ಕಲೀಬೇಕು."

ಸಾಬರು ನಗಲಿಲ್ಲ. ನಕ್ಕಿದ್ದರೆ ಮರುಳಸಿದ್ದಪ್ಪನವರು ಬಹುಶಃ ಎದ್ದು ಹೋಗಿ ಜವಳಿ ಅಂಗಡಿಯ ಮೇಜಿನ ಮುಂದೆ ಕೂತುಬಿಡುತ್ತಿದ್ದರು. "ಕಲಿಸ್ತೀನಿ. ಆದ್ರೆ ನನ್ನ ಕಾರ್ಖಾನೆಗೆ ಒಂದು ರಿವಾಜು ಐತೆ" ಎಂದು ಸಾಬರು ವಿವರಿಸಿದರು. ಕಲಿಯುವವನ ಮೊದಲ ಕೆಲಸಕ್ಕೆ ಅವರು ಪೈಲಾ ಕಾಮ್ ಅನ್ನುತ್ತಿದ್ದರು. ಅದನ್ನು ಉಸ್ತಾದ ಕೈಯಿಂದ ಮುಟ್ಟಬಾರದು, ಮುಟ್ಟಿದರೆ ಅದು ಉಸ್ತಾದನ ಕೆಲಸವಾಗುತ್ತದೆ. ಅದನ್ನು ದಿನಾ ಬಳಸುವಂಥ ಯಾರಿಗಾದರೂ ಕೊಡಬೇಕು, ಮಾಡಿದವರು ಯಾರೆಂದು ಹೇಳಬಾರದು. ಮಾಡಿದವನು ಎಂಟು ದಿನ ಆ ವಸ್ತುವಿನ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡಕೂಡದು. ಎಂಟನೇ ದಿನ ದೂರಿಲ್ಲದಿದ್ದರೆ ಲೇತಿನ ಮೇಲೆ ಅವನಿಗೂ ಹಕ್ಕು. ದೂರು ಬಂದರೆ ವಸ್ತು ಕುಲುಮೆಗೆ, ಮಾಡಿದವನು ಮನೆಗೆ. ಇನ್ನೊಂದು ಅವಕಾಶವಿಲ್ಲ.

"ಹೊನ್ನಾಳಿಯಿಂದ ಒಬ್ಬ ಬಂದಿದ್ದ. ಬಾಗಿಲ ಚಿಲಕ ಮಾಡಿದ. ಎರಡನೇ ದಿನ ಅದು ಒಳಗೆ ಅತ್ತೆಯನ್ನ ಕೂಡಿಹಾಕಿಕೊಂಡು ಕೂತುಬಿಡ್ತು. ಸೊಸೆ ದೂರು ಕೊಡಲಿಲ್ಲ, ಅತ್ತೆ ಕೊಟ್ಲು" ಎಂದರು ಸಾಬರು.

ಮನೆಗೆ ಬಂದು ಹೇಳಿದಾಗ ಹಾಲಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಆಯ್ತು, ಕಲೀರಿ. ಆದ್ರೆ ಆ ಸಾಬರು ಮನೆಗೆ ಹೋಗು ಅಂದ ದಿನ ಮಧ್ಯಾಹ್ನವೇ ಕೋಟು ಹಾಕ್ಕೊಂಡು ಅಣ್ಣನ ಅಂಗಡಿಗೆ ಹೋಗಬೇಕು. ಒಪ್ಪಿಗೇನಾ?"

"ಒಪ್ಪಿಗೆ" ಎಂದರು ಮರುಳಸಿದ್ದಪ್ಪನವರು. ಒಪ್ಪದಿದ್ದರೆ ಅಂದಿನ ಊಟವೇ ಕಷ್ಟವಿತ್ತು.

ಅಲ್ಲಿಂದ ನಾಲ್ಕು ತಿಂಗಳು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಎರಡನೇ ದಿನವೇ ಹೆಗಲ ಮೇಲಿನ ಶಲ್ಯ ತಿರುಗುವ ಲೇತಿಗೆ ಸಿಕ್ಕಿ ಸರ್ರನೆ ಸುತ್ತಿಕೊಂಡಿತು. ಸಾಬರು ಬೆಲ್ಟು ಜಾರಿಸದಿದ್ದರೆ ಶಲ್ಯದ ಹಿಂದೆ ಗುಮಾಸ್ತರೂ ಹೋಗುತ್ತಿದ್ದರು. ಉಳಿಯನ್ನು ಲೆಕ್ಕಣಿಕೆ ಹಿಡಿದ ಹಾಗೆ ಮೂರು ಬೆರಳಲ್ಲಿ ಹಿಡಿದು ಬೈಸಿಕೊಂಡರು. "ಗುಮಾಸ್ತರೇ, ಅದು ಬರೆಯೋದಲ್ಲ, ಕೊರೆಯೋದು!" ಕಾಲು ತುಳಿಯುವಾಗ ಕೈ ನಿಲ್ಲುತ್ತಿತ್ತು, ಕೈ ಆಡಿಸುವಾಗ ಕಾಲು ನಿಲ್ಲುತ್ತಿತ್ತು. ಪಂಚೆಯ ಮಡಿಕೆಯಲ್ಲಿ ಸೇರಿಕೊಂಡು ಬಂದ ಹಿತ್ತಾಳೆಪುಡಿ ಒಂದು ದಿನ ಚಟ್ನಿಯಲ್ಲಿ ಸಿಕ್ಕಿತು. "ಮನೆಗೆ ಬಂಗಾರ ತರೋ ಗಂಡಂದಿರು ಇರ್ತಾರೆ ಅಂತ ಕೇಳಿದ್ದೆ" ಎಂದು ಹಾಲಮ್ಮ ಹಲ್ಲಿನ ಸಂದಿಯಿಂದ ಅದನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟರು.

ಆದರೆ ಮನುಷ್ಯ ಬಿಡಲಿಲ್ಲ. ಕಚೇರಿಯಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪದ ಹಾಗೆ ಬರೆದ ಕಣ್ಣು ಅದು, ಕೂದಲೆಳೆಯಷ್ಟು ಓರೆ ಇದ್ದರೂ ಹಿಡಿಯುತ್ತಿತ್ತು. ನಾಲ್ಕನೇ ತಿಂಗಳ ಕೊನೆಗೆ ಸಾಬರು ಅಟ್ಟದಿಂದ ಸವೆದುಹೋದ ಒಂದು ದಪ್ಪ ಹಿತ್ತಾಳೆಯ ತುಂಡನ್ನು ಇಳಿಸಿ ಕೈಗೆ ಕೊಟ್ಟರು. "ಪೈಲಾ ಕಾಮ್. ಏನು ಮಾಡ್ತೀರಿ?"

"ಸುಣ್ಣದ ಡಬ್ಬಿ" ಎಂದರು ಮರುಳಸಿದ್ದಪ್ಪನವರು. ತಿರುಗಿಸಿ ಮುಚ್ಚುವ, ತಿರುಗಿಸಿ ಬಿಚ್ಚುವ, ಸೊಂಟದಲ್ಲಿ ಸಿಕ್ಕಿಸಿಕೊಂಡರೂ ಸುಣ್ಣ ಸೋರದ ಡಬ್ಬಿ. ಎಷ್ಟೋ ರಾತ್ರಿ ನಿದ್ದೆಗೆ ಮೊದಲು ಅದನ್ನೇ ಕಣ್ಣಮುಂದೆ ತಿರುಗಿಸಿ ನೋಡಿದ್ದರು.

ಹೊಟ್ಟೆ ಕೊರೆದದ್ದಾಯಿತು, ಹೊರಮೈ ನಯ ಮಾಡಿದ್ದಾಯಿತು. ಮುಚ್ಚಳವೂ ಬೇರೆಯಾಯಿತು. ಉಳಿದದ್ದು ತಿರುಪು, ಅಂದರೆ ಡಬ್ಬಿಯ ಕತ್ತಿನ ಹೊರಗೆ ಮತ್ತು ಮುಚ್ಚಳದ ಒಳಗೆ ಒಂದಕ್ಕೊಂದು ಕೂರುವ ಸುತ್ತುಗೆರೆ. ಲೇತಿನ ಪಕ್ಕದಲ್ಲಿ ಹಲ್ಲುಚಕ್ರಗಳನ್ನು ಜೋಡಿಸಿದರೆ ಉಳಿ ತಾನಾಗಿ ಸರಿಯುತ್ತ ಆ ಗೆರೆಯನ್ನು ಕೊರೆಯುತ್ತದೆ. ನಡುವೆ ಒಂದು ಚಕ್ರವಿದ್ದರೆ ಎಲ್ಲ ಕಡೆ ಇರುವಂಥ ತಿರುಪು: ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ನಡುವೆ ಎರಡು ಚಕ್ರ ಹಾಕಿದರೆ ಎಲ್ಲ ತಿರುವುಮುರುವು. ಸಾಬರು ಹಿಂದಿನ ದಿನ ಕಬ್ಬಿನ ಗಾಣದ ಯಾವುದೋ ಭಾಗಕ್ಕೆಂದು ಹಾಗೆ ಎರಡು ಚಕ್ರ ಹಾಕಿ ಉಲ್ಟಾ ತಿರುಪು ಕೊರೆದಿದ್ದರು. ಬೆಳಗ್ಗೆ ಹೊನ್ನಾಳಿಯಿಂದ ತುರ್ತು ಕರೆ ಬಂತು, ಮೊದಲ ಬಸ್ಸಿಗೆ ಓಡಿದರು. ಚಕ್ರ ಎರಡೂ ಅಲ್ಲೇ ಉಳಿದವು.

ಮರುಳಸಿದ್ದಪ್ಪನವರು ಅದನ್ನು ನೋಡಿದರು. ಒಂದು ತೆಗೆಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಟ್ಟು ಬಿಚ್ಚುವ ಪಾನಾ ಹಿಡಿದು ಕೈಯನ್ನೂ ಹಾಕಿದರು. ಆಗ ತಲೆಗೆ ಒಂದು ಯೋಚನೆ ಬಂತು ನೋಡಿ, ಎಲ್ಲ ಕೆಟ್ಟದ್ದು ಅಲ್ಲೇ.

ಗುಡಿ ಸುತ್ತುವುದು ಬಲಕ್ಕೆ. ಆರತಿ ಎತ್ತುವುದು ಬಲಕ್ಕೆ. ಒಳ್ಳೆಯದೆಲ್ಲ ಬಲಸುತ್ತು. ಎಲೆ ಅಡಿಕೆ ಅಂದರೆ ಮಂಗಳ. ಮದುವೆ ಮಾತು ಶುರುವಾಗುವುದು ಅದರಿಂದ, ಮುರಿದ ಸ್ನೇಹ ಕೂಡುವುದು ಅದರಿಂದ. ಅಂಥ ಎಲೆಗೆ ಸುಣ್ಣ ಹಚ್ಚಬೇಕಾದರೆ ಮೊದಲ ಕೆಲಸವೇ ಡಬ್ಬಿಯನ್ನು ಎಡಕ್ಕೆ ತಿರುಗಿಸುವುದೇ? ಅಪಶಕುನವಲ್ಲವೇ! ಸೀಮೆಯಿಂದ ಬಂದ ಸೀಸೆಗಳೆಲ್ಲ ಎಡಕ್ಕೇ ಬಿಚ್ಚುತ್ತವೆ, ನಿಜ. ಅವರಿಗೇನು ಗೊತ್ತು, ಅವರು ಎಲೆ ಹಾಕುತ್ತಾರೆಯೇ? ಬಿಚ್ಚುವುದು ಬಲಕ್ಕೆ ಇರಬೇಕು. ಮುಚ್ಚುವುದು ಎತ್ತಲಾದರೂ ಆಗಲಿ. ಇಷ್ಟು ಕಾಲ ಇದು ಯಾರಿಗೂ ಹೊಳೆದಿಲ್ಲವಲ್ಲ ಎಂದು ಅವರಿಗೆ ಮೈಯೆಲ್ಲ ಜುಮ್ಮೆಂದಿತು. ಪಾನಾ ಕೆಳಗಿಟ್ಟರು. ಎರಡು ಚಕ್ರದಲ್ಲೇ, ಲೇತನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ, ಉಸಿರು ಬಿಗಿಹಿಡಿದು, ಡಬ್ಬಿಗೂ ಮುಚ್ಚಳಕ್ಕೂ ತಿರುಪು ಕೊರೆದರು.

ಸಂಜೆ ಮುಚ್ಚಳ ಡಬ್ಬಿಯ ಮೇಲೆ ಕೂತು, ಬೆಣ್ಣೆಯ ಮೇಲೆ ಸರಿದ ಹಾಗೆ ಇಳಿಯಿತು. ಮರುಳಸಿದ್ದಪ್ಪನವರು ಬಿಚ್ಚಿದರು, ಮುಚ್ಚಿದರು, ಬಿಚ್ಚಿದರು. ಇಪ್ಪತ್ತು ಸಲ ಆಗಿರಬಹುದು. ಬೆಳಗ್ಗೆ ಇಲ್ಲದಿದ್ದ ಒಂದು ವಸ್ತು ಈಗ ಜಗತ್ತಿನಲ್ಲಿ ಇತ್ತು, ಅದು ತಮ್ಮಿಂದಾಗಿ ಇತ್ತು. ಅಷ್ಟು ಸಂತೋಷ ಅವರಿಗೆ ನೌಕರಿ ಖಾಯಂ ಆದ ದಿನವೂ ಆಗಿರಲಿಲ್ಲ.

ಮರುದಿನ ಸಾಬರು ಕೈ ಹಿಂದೆ ಕಟ್ಟಿಕೊಂಡು, ಬಾಗಿ, ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದರು. ರಿವಾಜಿನಂತೆ ಮುಟ್ಟಲಿಲ್ಲ. "ನೋಡಾಕೆ ಖರೇವಂದ್ರೂ ಚಂದ ಐತೆ" ಎಂದರು. ಮರುಳಸಿದ್ದಪ್ಪನವರು ತಿರುಪಿನ ಗುಟ್ಟು ಹೇಳಲು ಬಾಯಿ ತೆರೆದರು. ಸಾಬರು ಬೆರಳೆತ್ತಿ ತಡೆದರು. "ಇನ್ನು ಎಂಟು ದಿನ ಮಾತಿಲ್ಲ." ಆಮೇಲೆ ತಾಜ್‌ಬೀಯನ್ನು ಕರೆದರು: "ಇದನ್ನ ಓಬವ್ವಗೆ ಕೊಟ್ಟು ಬಾ. ಎಂಟು ದಿನ ಬಳಸಿ ನೋಡು, ಆಮೇಲೆ ಕಾರ್ಖಾನೆಗೆ ಬಂದು ಹೆಂಗೈತೆ ಹೇಳು ಅನ್ನು."

ಓಬವ್ವ! ಊರಲ್ಲಿ ಬೇರೆ ಯಾರೂ ಇರಲಿಲ್ಲವೇ? ಓಬವ್ವ ಜಗಳೂರು ಕಡೆಯಿಂದ ಬಂದು ನ್ಯಾಮತಿಯ ಬಸ್ ನಿಲ್ಲುವ ಅರಳಿಮರದ ಕೆಳಗೆ ಎಲೆ ಅಡಿಕೆ ಮಾರುವ ಹೆಂಗಸು. ಅವಳ ಬಾಯಿಗೆ ಸಿಕ್ಕಿ ಉಳಿದವರಿಲ್ಲ. ಬಿಸಿಲು ಬಂದರೆ ಬಿಸಿಲನ್ನು ಬೈಯುತ್ತಿದ್ದಳು, ಮೋಡ ಬಂದರೆ ಮೋಡವನ್ನು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ "ಏನವಸರ ಇವನಿಗೆ" ಎಂದು ಡ್ರೈವರನನ್ನು ಬೈಯುತ್ತಿದ್ದಳು. ಅಂಥವಳಿಂದ ಎಂಟು ದಿನ ದೂರಿಲ್ಲದೆ ಇರುವುದುಂಟೇ?

ಅಂದು ಮಧ್ಯಾಹ್ನವೇ ಮರುಳಸಿದ್ದಪ್ಪನವರು ಬಸ್ಸಿಗೆ ಕಾಯುವವರ ಹಾಗೆ ಅರಳಿಮರದ ಎದುರಿನ ಕಟ್ಟೆಯ ಮೇಲೆ ಹೋಗಿ ಕೂತರು. ನೋಡುತ್ತಾರೆ, ಓಬವ್ವ ಡಬ್ಬಿಯನ್ನು ಎಡಕ್ಕೆ ತಿರುಗಿಸುತ್ತಿದ್ದಾಳೆ. ಅದು ಬಿಗಿಯಾಗುತ್ತಿದೆ. ಸೆರಗಿನಿಂದ ಹಿಡಿದು ತಿರುಗಿಸಿದಳು. ಇನ್ನೂ ಬಿಗಿಯಾಯಿತು. "ಇದ್ಯಾವ ಸೀಮೆ ಡಬ್ಬಿನೋ!" ಎಂದು ಬೈದು, ಪಕ್ಕದಲ್ಲಿ ಹಾಯುತ್ತಿದ್ದ ಜಂಪಣ್ಣನನ್ನು ಕರೆದಳು. ಜಂಪಣ್ಣ ಗಿರಣಿಯಲ್ಲಿ ಮೂಟೆ ಹೊರುವವನು, ಗರಡಿಯ ಪೈಲ್ವಾನ. ಅವನು ತೊಡೆ ತಟ್ಟಿ, ಕತ್ತಿನ ನರ ಉಬ್ಬಿಸಿ, ಎಡಕ್ಕೆ ಒಂದು ತಿರುವು ಕೊಟ್ಟ. ಹಿತ್ತಾಳೆ ಕಿರ್ರೆಂದಿತು. ಕಟ್ಟೆಯ ಮೇಲೆ ಮರುಳಸಿದ್ದಪ್ಪನವರು ಕಿವಿ ಮುಚ್ಚಿಕೊಂಡರು.

"ಬಲಕ್ಕೆ ಕಣಪ್ಪಾ, ಬಲಕ್ಕೆ!" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿ ಬಿಟ್ಟರೆ ರಿವಾಜು ಮುರಿದಂತೆ. ಆದರೆ ಕಾಲಿಗೇನೂ ರಿವಾಜಿಲ್ಲವಲ್ಲ? ಎದ್ದು ಹೋಗಿ, ಕೈ ಮುಗಿದು, ಅರಳಿಮರಕ್ಕೆ ಬಲಗಡೆಯಿಂದ ಸುತ್ತು ಹಾಕತೊಡಗಿದರು. ಓಬವ್ವನ ಮುಂದೆ ಬಂದಾಗಲೆಲ್ಲ ನಿಂತು, ಗಾಳಿಯಲ್ಲಿ ಬಲಕ್ಕೆ ಕೈ ತಿರುಗಿಸಿ, ಕಣ್ಣರಳಿಸಿ ನೋಡಿ ಮುಂದೆ ಹೋದರು. ಮೂರನೇ ಸುತ್ತಿಗೆ ಏನೋ ವ್ರತವಿರಬೇಕೆಂದು ಬಸ್ಸಿಗೆ ಕಾಯುತ್ತಿದ್ದ ಗೋವಿನಕೋವಿಯ ಇಬ್ಬರು ಹೆಂಗಸರು ಅವರ ಹಿಂದೆ ಸೇರಿಕೊಂಡರು. ಐದನೇ ಸುತ್ತಿಗೆ ಜಂಪಣ್ಣನೂ ಡಬ್ಬಿಯನ್ನು ಓಬವ್ವನ ಮಡಿಲಿಗೆ ಹಾಕಿ, ಅಂಗಿ ಕಳಚಿ, ಭಕ್ತಿಯಿಂದ ಸೇರಿಕೊಂಡ. "ಪೆನ್ಷನ್ ಬಂದ ಮೇಲೆ ಗುಮಾಸ್ತಪ್ಪಗೆ ದೇವರು ನೆನಪಾಗ್ಯಾನೆ" ಎಂದು ಓಬವ್ವ ಹೇಳಿ, ಬಿಚ್ಚದ ಡಬ್ಬಿಯನ್ನು ಬುಟ್ಟಿಗೆ ಎಸೆದಳು.

ಮುಂದಿನ ದಿನಗಳಲ್ಲಿ ಮರುಳಸಿದ್ದಪ್ಪನವರು ದೂರದಿಂದ ಏನು ನೋಡಿದರೂ ಇದೇ ನೋಟ. ಬಸ್ಸಿನ ಕಂಡಕ್ಟರ್ ಡಬ್ಬಿ ಹಿಡಿದು ತಿಣುಕುತ್ತಿದ್ದಾನೆ. ಶಾಲೆಯ ಮೇಷ್ಟ್ರು ತಿಣುಕುತ್ತಿದ್ದಾರೆ. ಚೌಕೀದಾರ ಹಲ್ಲಿನಿಂದ ಕಚ್ಚುತ್ತಿದ್ದಾನೆ. ಓಬವ್ವ ಕೈ ಕಟ್ಟಿಕೊಂಡು ಕೂತು ನೋಡುತ್ತಿದ್ದಾಳೆ. ಮರುಳಸಿದ್ದಪ್ಪನವರಿಗೆ ಊಟ ಸೇರಲಿಲ್ಲ. ಜಾಣತನ ಮಾಡಲು ಹೋಗಿ ನಾನೇ ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡೆನಲ್ಲ ಎಂದು ಹಲುಬಿದರು. ಹಾಲಮ್ಮ ಏನಾಯಿತೆಂದು ಕೇಳಿದರು, ಹೇಳುವಂತಿಲ್ಲ. ಏಳನೇ ದಿನ ಹಾಲಮ್ಮ ಪೆಟ್ಟಿಗೆಯಿಂದ ಕಚೇರಿಯ ಕರಿ ಕೋಟನ್ನು ತೆಗೆದು ಬಿಸಿಲಿಗೆ ಹಾಕಿದರು. ಮರುಳಸಿದ್ದಪ್ಪನವರು ತಂತಿಯ ಮೇಲೆ ತೂಗುತ್ತಿದ್ದ ಆ ಕೋಟನ್ನು ನೋಡಿ ಮುಖ ತಿರುಗಿಸಿದರು.

ಎಂಟನೇ ದಿನ ಕಾರ್ಖಾನೆಗೆ ಹೋದರೆ ಜಂಪಣ್ಣ ಆಗಲೇ ಅಲ್ಲಿ ಕೂತು ಸಾಬರಿಗೆ ವರದಿ ಒಪ್ಪಿಸುತ್ತಿದ್ದ. "ಎಡಕ್ಕೆ ತಿರುಗಿಸಿದ್ರೆ ಬಿಗಿ ಆಗ್ತೈತ್ರಿ ಸಾಬ್ರೆ. ಸಾವಿರ ಬಸ್ಕಿ ಹೊಡೆಯೋ ಕೈ ನಂದು. ಆಗಲಿಲ್ಲ ಅಂದ್ರೆ ಆಗಲಿಲ್ಲ."

ಸಾಬರು ಲೇತಿನ ಕಡೆ ನೋಡಿದರು. ಎಂಟು ದಿನದಿಂದ ತಿರುಪಿನ ಕೆಲಸ ಬಂದಿರಲಿಲ್ಲ, ಎರಡು ಚಕ್ರ ಹಾಗೇ ಇದ್ದವು. ಹಣೆ ಬಡಿದುಕೊಂಡರು. "ತೋಬಾ! ನಾನೇ ಬಿಟ್ಟು ಹೋಗಿದ್ದೆ."

ಅಷ್ಟರಲ್ಲಿ ಬಾಗಿಲಲ್ಲಿ ಗುಡುಗಿದಂತಾಯಿತು. ಓಬವ್ವ ಬಂದಿದ್ದಳು. ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ಯಾರ್ರೀ ಇದನ್ನ ಮಾಡಿದ್ದು? ಮೊದ್ಲು ಹೆಸರು ಹೇಳ್ರಿ!"

ಮರುಳಸಿದ್ದಪ್ಪನವರು ಲೇತಿನ ಹಿಂದೆ ಸರಿದರು. ಸಾಬರು ಎದ್ದು ನಿಂತರು. "ಓಬವ್ವ, ಮಾಡಿದವರದೇನೂ ತಪ್ಪಿಲ್ಲ. ಚಕ್ರ ತೆಗೀದೆ ಹೊನ್ನಾಳಿಗೆ ಹೋದದ್ದು ನಾನು. ಕಲಿಯೋರಿಗೆ ಅದು ಹೆಂಗೆ ಗೊತ್ತಾಗಬೇಕು? ಬೈಯೋದಿದ್ರೆ ನನ್ನ ಬೈಯಿ. ಈ ಕೆಲಸ ಲೆಕ್ಕಕ್ಕಿಲ್ಲ. ಅವರು ಇನ್ನೊಂದು ಮಾಡ್ತಾರೆ."

ಬದುಕಿದೆ ಎಂದುಕೊಂಡರು ಮರುಳಸಿದ್ದಪ್ಪನವರು. ಸುಮ್ಮನಿದ್ದರೆ ಸಾಕು. ಲೇತು ಉಳಿಯುತ್ತದೆ, ಕೋಟು ಮತ್ತೆ ಪೆಟ್ಟಿಗೆ ಸೇರುತ್ತದೆ. ಸುಮ್ಮನಿರುವುದು ಅವರಿಗೇನು ಹೊಸದೇ? ಸುಮ್ಮನಿದ್ದೇ ಪೆನ್ಷನ್ ತಂದವರು ಅವರು. ಆದರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಂತ ಆ ಮುದುಕರನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಇನ್ನೊಂದೂ ಇತ್ತು, ಅದನ್ನು ಮುಚ್ಚಿಡುವುದೇಕೆ: ಜೀವಮಾನದಲ್ಲಿ ಮಾಡಿದ್ದು ಒಂದೇ ಒಂದು ವಸ್ತು, ಅದನ್ನು ಇನ್ನೊಬ್ಬರ ತಪ್ಪು ಅಂತ ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ.

"ಇಲ್ಲ ಉಸ್ತಾದ್ರೇ" ಎಂದರು. ದನಿ ಅವರಿಗೇ ಗುರುತು ಸಿಗದಷ್ಟು ಜೋರಾಗಿತ್ತು. "ಎರಡು ಚಕ್ರ ಇರೋದು ನಾನು ನೋಡಿದ್ದೆ. ತೆಗೀಬೇಕು ಅಂತಲೂ ಗೊತ್ತಿತ್ತು. ಬೇಕಂತಲೇ ಬಿಟ್ಟೆ. ಅದನ್ನ ಮಾಡಿದ್ದು ನಾನೇ."

"ಯಾಕೆ?" ಎಂದರು ಸಾಬರು.

ಮರುಳಸಿದ್ದಪ್ಪನವರು ಗುಡಿಯಿಂದ ಶುರುಮಾಡಿ, ಆರತಿಗೆ ಬಂದು, ಮಂಗಳದ ಎಲೆ ಅಡಿಕೆಯನ್ನು ದಾಟಿ, ಸೀಮೆಯ ಸೀಸೆಗಳವರೆಗೆ ಎಲ್ಲವನ್ನೂ ಹೇಳಿದರು. ಜಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದಕ್ಕೇನ್ರೀ ಮರ ಸುತ್ತಿದ್ದು! ನಾನು ಹನ್ನೊಂದು ಸುತ್ತು ಹಾಕಿದ್ನಲ್ರೀ!" ಚಹಾ ತಂದಿದ್ದ ತಾಜ್‌ಬೀ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದರು. ಸಾಬರು ಮಾತ್ರ ನಗಲಿಲ್ಲ.

"ಗುಮಾಸ್ತರೇ, ಶಾಸ್ತ್ರ ದೊಡ್ಡದಿರಬಹುದು. ಆದ್ರೆ ಹತ್ತು ಜನಕ್ಕೆ ಬಿಚ್ಚಾಕೆ ಬರದ ಡಬ್ಬಿ ಡಬ್ಬಿ ಅಲ್ಲ, ಗುಂಡುಕಲ್ಲು. ರಿವಾಜು ಅಂದ್ರೆ ರಿವಾಜು. ಜಂಪಣ್ಣ, ಕುಲುಮೆ ಊದು. ಓಬವ್ವ, ಕೊಡು ಇಲ್ಲಿ."

"ಏನು?" ಎಂದು ಓಬವ್ವ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. "ನನ್ನ ಡಬ್ಬಿ ಕುಲುಮೆಗಾ? ಮುಟ್ಟಿ ನೋಡ್ರಿ, ಕೈ ಮುರೀತೀನಿ!"

"ನಿಂದೇ ದೂರು ಐತಲ್ಲವ್ವ?"

"ದೂ—ರು? ಯಾವನು ಹೇಳಿದ್ದು?" ಓಬವ್ವ ಅಲ್ಲೇ ಬುಡ ಊರಿ ಕೂತಳು. "ಮೊದಲ ದಿನ ಬೈದೆ, ಖರೆ. ಬೈದ ಮಾತ್ರಕ್ಕೆ ದೂರಾಯ್ತಾ? ನಾನು ಯಾರನ್ನ ಬೈದಿಲ್ಲ? ಮನೆಗೆ ಹೋಗಿ ಒಲೆ ಮುಂದೆ ಇಟ್ಟು, ಸಿಟ್ಟಿಗೆ ಇನ್ನೊಂದು ಕಡೆ ತಿರುವಿದೆ. ಪಟ್ಟಂತ ಬಿಚ್ಚಿಕೊಳ್ತು. ಗುಟ್ಟು ಗೊತ್ತಾಯ್ತು. ಯಾರಿಗೂ ಹೇಳಲಿಲ್ಲ. ಸಾಬ್ರೆ, ಹದಿನೆಂಟು ವರ್ಷದಿಂದ ಈ ಊರಿನ ಗಂಡಸ್ರು ಮನೆಯಿಂದ ಎಲೆ ತಂದು ನನ್ನ ಸುಣ್ಣ ಹಚ್ಕೊಂಡು ಹೋಗ್ತಾರೆ. 'ಓಬವ್ವಾ, ಒಂಚೂರು ಸುಣ್ಣ.' ಕಂಡಕ್ಟರಿಗೂ ಬೇಕು, ಮೇಷ್ಟ್ರಿಗೂ ಬೇಕು, ಚೌಕೀದಾರನಿಗಂತೂ ಬೆರಳು ತುಂಬಾ ಬೇಕು. ಇಲ್ಲ ಅನ್ನಾಕೆ ಬಾಯಿ ಬರಲ್ಲ ನನಗೆ. ಸುಣ್ಣ ಇಲ್ಲ ಅನ್ನಬಾರದಲ್ಲ? ಈಗ ನಾನು ಇಲ್ಲ ಅನ್ನೋದೇ ಇಲ್ಲ. 'ತಗೋಳಪ್ಪ, ಬಿಚ್ಚಿಕೋ' ಅಂತ ಕೈಗೇ ಕೊಡ್ತೀನಿ!"

ತೊಡೆ ತಟ್ಟಿಕೊಂಡು ನಕ್ಕಳು. ಓಬವ್ವ ನಗುವುದನ್ನು ನ್ಯಾಮತಿಯಲ್ಲಿ ಅಲ್ಲಿಯವರೆಗೆ ಕಂಡವರಿರಲಿಲ್ಲ. ಜಂಪಣ್ಣ ಹೆದರಿ ಕುಲುಮೆ ಊದುವ ತಿದಿ ಬಿಟ್ಟ.

"ಮತ್ತೆ ಮಾಡಿದೋರ ಹೆಸರು ಯಾಕೆ ಕೇಳ್ದೆ?" ಎಂದರು ಸಾಬರು.

"ಜಗಳೂರಾಗೆ ನಮ್ಮಕ್ಕ ದುರುಗಕ್ಕನೂ ಎಲೆ ಮಾರ್ತಾಳೆ. ಅವಳ ಪಾಡೂ ಇದೇ. ಅವಳಿಗೊಂದು ಮಾಡಿಸಬೇಕು."

ಸಾಬರಿಗೆ ಇದೆಲ್ಲ ಪೂರ್ತಿ ರುಚಿಸಲಿಲ್ಲ. ನಲವತ್ತು ವರ್ಷ ನೆಟ್ಟಗೆ ತಿರುಪು ಕೊರೆದ ಮನುಷ್ಯ. "ಕೊಡು, ಎಂಟು ದಿನ ಆಯ್ತಲ್ಲ, ಈಗ ನಾನು ಮುಟ್ಟಬಹುದು" ಎಂದು ಡಬ್ಬಿ ತೆಗೆದುಕೊಂಡು, ಮಾತಾಡುತ್ತಲೇ ಜೋರಾಗಿ ಒಂದು ತಿರುವು ತಿರುವಿದರು. ಕೈ ಎಲ್ಲಿ ಕೇಳುತ್ತದೆ? ಎಡಕ್ಕೇ ಹೋಯಿತು. ಕಿರ್ರೆಂದು ಬಿಗಿಯಾಯಿತು. ತಪ್ಪು ಅರಿವಾಗಿ ಬಲಕ್ಕೆ ತಿರುಗಿಸಲು ನೋಡಿದರು, ಎಣ್ಣೆ ಮೆತ್ತಿದ ಬೆರಳು ಜಾರಿತು. ಇನ್ನೊಮ್ಮೆ ಜಾರಿತು. ಸಿಟ್ಟು ಬಂತು, ಸಿಟ್ಟಿನಲ್ಲಿ ಕೈ ಮತ್ತೆ ಎಡಕ್ಕೆ ಹೋಯಿತು.

ಸರಿಯಾಗಿ ಆ ಹೊತ್ತಿಗೆ ಹಾಲಮ್ಮ ಬಂದರು. ಕೈಮೇಲೆ ಮಡಿಸಿದ ಕರಿ ಕೋಟು. ಗಂಡ ಸೋತ ಮುಖ ಹೊತ್ತು ಒಬ್ಬರೇ ಬೀದಿಯಲ್ಲಿ ಬರುವುದು ಬೇಡವೆಂದು ತಾವೇ ಬಂದಿದ್ದರು. ಹಾಗೆಂದು ಹೇಳಿದ್ದರೆ ಅವರು ಹಾಲಮ್ಮನೇ ಅಲ್ಲ. "ಅಣ್ಣ ಎರಡು ಸಲ ಹೇಳಿ ಕಳಿಸಿದ" ಎಂದಷ್ಟೇ ಅಂದರು. ಆಮೇಲೆ, ಡಬ್ಬಿಯೊಂದನ್ನು ಹಿಡಿದು ಬೆವರುತ್ತಿದ್ದ ಸಾಬರನ್ನು, ಬಾಯಿ ಬಿಟ್ಟು ನೋಡುತ್ತಿದ್ದ ಪೈಲ್ವಾನನನ್ನು, ನಗುತ್ತಿದ್ದ ಓಬವ್ವನನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. "ಅದ್ಯಾಕ್ರಿ ಹಂಗೆ ಒದ್ದಾಡ್ತೀರಿ ಸಾಬ್ರೆ, ತರ್ರಿ ಇಲ್ಲಿ."

ಕೋಟನ್ನು ಗಂಡನ ಕೈಗೆ ಕೊಟ್ಟು, ಡಬ್ಬಿಯನ್ನು ಸೆರಗಿನಿಂದ ಒರೆಸಿ, ದಿನಾ ರೊಟ್ಟಿ ತಟ್ಟುವ ಆ ಕೈಯಿಂದ ಹಿಡಿದು, ಬಲಕ್ಕೆ ತಿರುಗಿಸಿದರು. ಮುಚ್ಚಳ ಬಿಚ್ಚಿಕೊಂಡು ಅಂಗೈಗೆ ಬಂತು.

ಜಂಪಣ್ಣ ಬಗ್ಗಿ ಆ ಮುಚ್ಚಳವನ್ನು ನೋಡಿದ.

"ಅಮ್ಮಾ, ಬಲಕ್ಕೆ ತಿರುಗಿಸಬೇಕು ಅಂತ ನಿಮಗ್ಯಾರು ಹೇಳಿದ್ರು?" ಎಂದು ಸಾಬರು ಮೆಲ್ಲಗೆ ಕೇಳಿದರು.

"ಯಾರು ಹೇಳಬೇಕ್ರಿ? ಎಲೆ ಅಡಿಕೆ ಡಬ್ಬಿ ಅಲ್ವಾ? ಎಡಕ್ಕೆ ಯಾರಾದ್ರೂ ತಿರುಗಿಸ್ತಾರಾ, ಕೆಟ್ಟದ್ದು!" ಎಂದರು ಹಾಲಮ್ಮ.

ಮರುಳಸಿದ್ದಪ್ಪನವರು ಹೆಂಡತಿಯನ್ನು ನೋಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ದಿಟ್ಟಿಸಿ ನೋಡಿದ್ದು ಅದೇ ಮೊದಲಿರಬೇಕು. ನನ್ನ ತಲೆಯೊಳಗೆ ಇರುವುದು ನನ್ನೊಬ್ಬನಿಗೇ ಗೊತ್ತು ಎಂದುಕೊಂಡು ಇಷ್ಟು ಕಾಲ ಬದುಕಿದ್ದರು. ಕಣ್ಣು ಮಂಜಾಯಿತು, ಕೋಟಿನ ತೋಳಿನಿಂದಲೇ ಒರೆಸಿಕೊಂಡರು.

"ಗಂಡನೂ ಹಂಗೇ, ಹೆಂಡ್ತಿನೂ ಹಂಗೇ. ಅಲ್ಲಾ ಸರಿಯಾಗಿ ನೋಡೇ ಜೋಡಿ ಮಾಡ್ಯಾನೆ" ಎಂದು ಸಾಬರು ಕೊನೆಗೂ ನಕ್ಕರು. ಪಾನಾ ತೆಗೆದುಕೊಂಡು ಲೇತಿನಿಂದ ಎರಡನೇ ಚಕ್ರವನ್ನು ಬಿಚ್ಚಿ ಒಳಗಿನಿಂದ ಇಣುಕುತ್ತಿದ್ದ ತಾಜ್‌ಬೀಯ ಕೈಗೆ ಕೊಟ್ಟರು. "ಇದನ್ನ ನಿನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕು. ದುರುಗಕ್ಕನ ಡಬ್ಬಿ ಮಾಡೋ ದಿನ ಮಾತ್ರ ತೆಗಿ." ಆಮೇಲೆ ಮರುಳಸಿದ್ದಪ್ಪನವರ ಕಡೆ ತಿರುಗಿದರು. "ದೂರಿಲ್ಲ ಗುಮಾಸ್ತರೇ. ನಾಳೆಯಿಂದ ಬೆಳಗಿನ ಹೊತ್ತು ಲೇತು ನಿಮ್ಮದು."

ಮರುಳಸಿದ್ದಪ್ಪನವರು ಕೋಟು ಹಿಡಿದುಕೊಂಡು ಹೆಂಡತಿಯ ಮುಖ ನೋಡುತ್ತ ನಿಂತರು. ಹಾಲಮ್ಮನಿಗೆ ಯಾರೂ ಏನೂ ವಿವರಿಸಿರಲಿಲ್ಲ. ಅವರು ಅಂಗೈಯಲ್ಲಿದ್ದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಅದರ ನುಣುಪಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ನೀವು ಮಾಡಿದ್ದಾ?"

"ಹೂಂ ಕಣೆ."

ಹಾಲಮ್ಮ ಡಬ್ಬಿಯನ್ನು ಮುಚ್ಚಿ ಓಬವ್ವನಿಗೆ ಕೊಟ್ಟರು. ಗಂಡನ ಕೈಯಿಂದ ಕೋಟನ್ನು ತೆಗೆದುಕೊಂಡು ಮತ್ತೆ ಮಡಿಸಿದರು. "ನೀವು ಇಲ್ಲೇ ಇರ್ರಿ" ಎಂದರು. "ನಮ್ಮಣ್ಣಗೆ ನಾನೇ ಹೋಗಿ ಹೇಳ್ತೀನಿ, ನಮ್ಮನೆಯವರಿಗೆ ಪುರುಸೊತ್ತಿಲ್ಲ ಅಂತ."